ಬಸುರಿ ಉಣ್ಣದ ಅಕ್ಕಿ

ಏಳು ಕೆರೆ ದಾಟಿದರೆ ಒಂದು ರಾಜ್ಯ. ಅಲ್ಲಿನ ರಾಜನಿಗೆ ಕುಸ್ತಿಯ ಹುಚ್ಚು. ಅವನ ಪೈಲ್ವಾನರಿಗೆ ಅನ್ನ ಬೇಯಿಸುವವಳು ಕೆಂಚವ್ವ.

ರಾಜನ ಗದ್ದೆಗೆ ಪಾರುಪತ್ತೇಗಾರ ಮುದ್ದರಂಗಯ್ಯ. ಅವನು ಬಂದ ಮೇಲೆ ಕಣಜಗಳು ತುಂಬಿ ತುಳುಕಿದವು. ರಾಜ ಹಿಗ್ಗಿ ಅವನಿಗೆ ಚಿನ್ನದ ಕಡಗ ತೊಡಿಸಿದ. ಆ ಕೈಯನ್ನು ಅವನು ಆಮೇಲೆ ಕೆಳಗಿಳಿಸಿದ್ದು ಊಟಕ್ಕೆ ಮಾತ್ರ.

ಪೈಲ್ವಾನರು ಮಾತ್ರ ಒಂದು ಕುಸ್ತಿ ಸೋತರು. ಎರಡು ಸೋತರು. ಮೂರನೆಯದರಲ್ಲಿ ಎದುರಾಳಿ ಮುಟ್ಟುವ ಮೊದಲೇ ಒಬ್ಬ ಕೂತುಬಿಟ್ಟ.

"ಹೊಟ್ಟೆ ತುಂಬ ಉಣ್ಣುತ್ತೇವೆ. ಮೈಗೆ ಹತ್ತುವುದಿಲ್ಲ" ಅಂದರು.

"ಅನ್ನದ ಸತ್ವವನ್ನೆಲ್ಲ ಗಂಜಿಯಲ್ಲಿ ಬಸಿದು ಕೆಂಚವ್ವ ಮನೆಗೆ ಹೊರುತ್ತಾಳೆ, ಬುದ್ಧಿ" ಅಂದ ಮುದ್ದರಂಗಯ್ಯ.

ರಾಜ ಕೆರಳಿದ. "ಮೂರು ದಿನದಲ್ಲಿ ನಿಜ ತೋರಿಸು. ಇಲ್ಲದಿದ್ದರೆ ರಾಜ್ಯ ಬಿಡು" ಅಂದ ಕೆಂಚವ್ವನಿಗೆ.

ಕೆಂಚವ್ವ ಅಳಲಿಲ್ಲ. ತಿರುಗಾಡಲು ಹೊರಟಳು.

ಮೊದಲ ದಿನ ಅರಮನೆಯ ತಿಪ್ಪೆ ನೋಡಿದಳು. ಕೊಟ್ಟಿಗೆಯಲ್ಲಿ ನೂರು ದನ, ತಿಪ್ಪೆಗುಂಡಿ ಮಾತ್ರ ಗುಡಿಸಿಟ್ಟ ಹಾಗೆ ಖಾಲಿ.

ಎರಡನೆಯ ದಿನ ರಾಜನ ಗದ್ದೆ ನೋಡಿದಳು. ಒಂದು ಬುಟ್ಟಿ ಸಗಣಿಯೂ ಬಿದ್ದಿರಲಿಲ್ಲ. ಬರೀ ಪೇಟೆಯಿಂದ ತಂದ ಬಿಳಿ ಗೊಬ್ಬರ, ಮೂಟೆಗಟ್ಟಲೆ. ಮಣ್ಣು ಕೆದಕಿದರೆ ಒಂದು ಎರೆಹುಳವೂ ಇಲ್ಲ.

ಮೂರನೆಯ ದಿನ ಮುದ್ದರಂಗಯ್ಯನ ಸ್ವಂತ ಗದ್ದೆ ನೋಡಿದಳು. ಅರಮನೆಯ ಸಗಣಿಯೆಲ್ಲ ಅಲ್ಲಿ ಬಂದು ಕೂತಿತ್ತು. ಕಡಗದ ಕೈ ಯಾವಾಗಲೂ ಸಗಣಿ ನಾರುತ್ತಿದ್ದದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು.

ಆಸ್ಥಾನದಲ್ಲಿ ಕೈಮುಗಿದಳು. "ಬುದ್ಧಿ, ಇಷ್ಟು ದುಡಿಯುವವರು ಈ ಮುದ್ದರಂಗಯ್ಯನವರು. ಅರಮನೆಯ ಅಕ್ಕಿ ಇವರ ಮನೆಗೆ ಹೋಗಲಿ, ಇವರ ಮನೆಯ ಅಕ್ಕಿ ಇಲ್ಲಿಗೆ ಬರಲಿ."

"ರಾಜರ ಅನ್ನ ನಮ್ಮಂಥವರಿಗೆಲ್ಲಿ ದಕ್ಕೀತು" ಅಂದ ಮುದ್ದರಂಗಯ್ಯ.

"ದಕ್ಕುತ್ತದೆ. ನಾನೇ ಕೊಡುತ್ತಿದ್ದೇನೆ" ಅಂದ ರಾಜ.

"ನಮ್ಮವ್ವನಿಗೆ ಹಲ್ಲಿಲ್ಲ, ಬುದ್ಧಿ."

"ಮೆತ್ತಗೆ ಬೇಯಿಸಲು ನಾನು ಬಂದು ಹೇಳಿಕೊಡುತ್ತೇನೆ, ಅಣ್ಣಾ" ಅಂದಳು ಕೆಂಚವ್ವ.

ಮುದ್ದರಂಗಯ್ಯ ಬೆವರಿದ. "ಸೊಸೆ ಬಸುರಿ, ಬುದ್ಧಿ. ಬಸುರಿ ಉಣ್ಣುವ ಅಕ್ಕಿಯಲ್ಲ ಅದು."

ಕೆಂಚವ್ವ ಸೆರಗು ಸರಿಮಾಡಿಕೊಂಡು, ತಾನು ಮೂರು ದಿನ ಕಂಡದ್ದನ್ನು ಒಂದೊಂದಾಗಿ ಹೇಳಿದಳು.

ಕಡಗ ಕಳಚಿತು. ಕದ್ದ ಸಗಣಿಯಷ್ಟನ್ನೂ ಮುದ್ದರಂಗಯ್ಯ ತಲೆಯ ಮೇಲೆ ಹೊತ್ತು ರಾಜನ ಗದ್ದೆಗೆ ಸುರಿದ. ಆ ಗದ್ದೆಯ ಮಣ್ಣು ಸುಧಾರಿಸುವವರೆಗೆ ಅಲ್ಲಿ ಬೆಳೆದ ಅಕ್ಕಿಯನ್ನು ಅವನೇ ಉಂಡ, ಅವನ ಗದ್ದೆಯ ಅಕ್ಕಿಯನ್ನು ಪೈಲ್ವಾನರು ಉಂಡರು. ಬಸುರಿ ಸೊಸೆಗೆ ಮಾತ್ರ ಕೆಂಚವ್ವ ಒಳ್ಳೆಯ ಅಕ್ಕಿ ಆರಿಸಿ ಕಳಿಸಿದಳು. ಆ ಹುಡುಗಿಯದೇನು ತಪ್ಪು?

ಕೇಳಿದಿರಲ್ಲ ಮಕ್ಕಳೇ. ನೆಲಕ್ಕೆ ಒಂದೇ ಗೊಬ್ಬರ ಸುರಿದರೆ ಕಣಜ ತುಂಬೀತು, ಅನ್ನದಲ್ಲಿ ಸತ್ವ ತುಂಬದು. ನಮ್ಮ ಮನೆಯವರಿಗೆ ಆಗದ ಅಕ್ಕಿಯನ್ನು ಇನ್ನೊಬ್ಬರ ಎಲೆಗೆ ಬಡಿಸಬಾರದು.