ತೊಳೆಸಿಕೊಳ್ಳದ ಸ್ಪಂಜು

ಮೀನಿನ ತೊಟ್ಟಿಯವರ ಮಾತು ನನಗೆ ಮಾವನ ಮನೆ ಮಾತಿನಷ್ಟೇ ಸಲೀಸು. ಇದು ಕಿವಿಯಾರೆ ಕೇಳಿದ್ದು. ಹವಳ ಸಾಕಿದ್ದ ಗಾಜಿನ ತೊಟ್ಟಿಯಲ್ಲಿ ನೀರು ಸೋಸುವ ಸ್ಪಂಜೊಂದು ಬಡಾಯಿಯಲ್ಲಿ ನನ್ನನ್ನೂ ಮೀರಿಸಿತ್ತು: "ಒಂದು ಕಸವನ್ನೂ ಬಿಟ್ಟವನಲ್ಲ ನಾನು!"

"ಸ್ಪಂಜಣ್ಣ, ಮೈ ತೊಳೆಸಿಕೋ. ನಿನ್ನ ಮೂಲಕ ನೀರೆಳೆಯಲು ನನಗೆ ಉಸಿರು ಸಾಲದು," ಎಂದಿತು ಪಂಪು.

"ಹಿಡಿದ ಕಸವೇ ನನ್ನ ಬಿರುದು. ತೊಳೆದರೆ ನಿನ್ನೆ ಬಂದವನಂತೆ ಕಾಣುತ್ತೇನೆ."

ಹವಳ ಬೇಡಿತು: "ನೀರು ಹರಿಯದೆ ಮೈಮೇಲೆ ಕೊಳೆ ಕೂರುತ್ತಿದೆ, ಮಹಾರಾಯ. ಸಾಯುತ್ತೇನೆ."

"ಇತ್ತ ಕಳಿಸು, ಹಿಡಿಯುತ್ತೇನೆ."

"ಯಾವ ನೀರಿನಲ್ಲಿ ಕಳಿಸಲಿ?"

ಅಷ್ಟರಲ್ಲಿ ಪಂಪು ನಿಂತಿತು. ಮರಳು ಕಪ್ಪಾಯಿತು, ಹವಳ ಬಿಳಿಚಿತು.

ಕೊನೆಗೆ ತೊಟ್ಟಿಯ ಯಜಮಾನರೇ ಸ್ಪಂಜನ್ನು ಹಿಂಡಿ ತೊಳೆದರು. ನೀರು ಹರಿಯಿತು. ಹಗುರಾದ ಸ್ಪಂಜು, "ಹವಳಕ್ಕಾ, ನೀರು ಬಂತು ನೋಡು," ಎಂದು ಕೂಗಿತು.

ಹವಳ ಓಗೊಡಲಿಲ್ಲ.