ಮಾತ್ರೆಗೆ ಕೊಸರಿಲ್ಲ

ಶಿಷ್ಯ ಕೇಳಿದ: "ಗುರುಗಳೇ, ಬೇರು ಕೀಳದ ಮದ್ದು ಮದ್ದೇ?"

ಗುರು ದೀಪದ ಬತ್ತಿ ಹೊಸೆಯುತ್ತಿದ್ದರು. "ಯಾವ ರೋಗಕ್ಕೆ?" ಎಂದರು.

"ಕೋಪಕ್ಕೆ. ನಾಲ್ಕು ವರ್ಷದಿಂದ ದಿನವೂ ಬೆಳಿಗ್ಗೆ ನೀವು ಹೇಳಿದಂತೆ ಕಣ್ಣು ಮುಚ್ಚಿ ಕೂರುತ್ತಿದ್ದೇನೆ. ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಅಜ್ಜನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಆಮೇಲೆ ನನ್ನ ತಟ್ಟೆಯನ್ನೂ ತೊಳೆದಿಟ್ಟ. ನಾಳೆಯಿಂದ ನಾನು ಕೂರುವುದಿಲ್ಲ. ಹೋಗದ ರೋಗಕ್ಕೆ ಮದ್ದು ಯಾಕೆ?"

"ನಾಳೆ ಕೂರಬೇಡ. ಈಗ ಸ್ವಲ್ಪ ಹೊತ್ತು ಕೂರು" ಎಂದು ಗುರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ವಾರಕ್ಕೊಮ್ಮೆ ಸಂತೆಯಲ್ಲಿ ಕೂರುತ್ತಿದ್ದ. ಉಳಿದ ದಿನ ಮನೆಮನೆಗೆ ಹೋಗುತ್ತಿದ್ದ. ಬಳೆ ಮಾರುವವರು ಬಹಳ ಜನ. ತೊಡಿಸಬಲ್ಲವರು ಕಡಿಮೆ. ಇವನು ಹೆಬ್ಬೆರಳ ಗಂಟನ್ನು ಮೆಲ್ಲಗೆ ಒತ್ತಿ, ಅಂಗೈ ಮಡಿಸಿ, ಎಂಥ ಬಿಗಿ ಬಳೆಯನ್ನೂ ಏರಿಸುತ್ತಿದ್ದ. ಕೈ ಕೊಟ್ಟವಳಿಗೆ ನೋವು ತಿಳಿಯುತ್ತಿರಲಿಲ್ಲ. ಒಂದು ಡಜನ್ ತೊಟ್ಟವಳಿಗೆ ಒಂದು ಬಳೆ ಮೇಲೆ ಹಾಕುತ್ತಿದ್ದ. ಅದು ಕೊಸರು. ಕೊಸರು ಹಾಕದೆ ಅವನು ಯಾರ ಕೈಯನ್ನೂ ಬಿಟ್ಟವನಲ್ಲ.

ಅವನಿಗೆ ಸೋರಿಯಾಸಿಸ್ ಬಂತು. ಮೊದಲು ಮೊಣಕೈಗೆ. ಆಮೇಲೆ ಅಂಗೈಗೆ, ಬೆರಳಿಗೆ. ಚರ್ಮ ಕೆಂಪಾಗಿ ದಪ್ಪವಾಯಿತು. ಬೆಳ್ಳಗೆ ಹೊಟ್ಟು ಉದುರಿತು. ಬೆರಳ ಸಂದುಗಳು ಬಿರಿದವು. ಬಿಗಿ ಬಳೆಗೆ ಹಚ್ಚುವ ಸೋಪಿನ ನೀರು ಬಿರುಕಿಗೆ ತಾಗಿದರೆ ಪ್ರಾಣ ಹೋದಂತಾಗುತ್ತಿತ್ತು. ಹಿಡಿತ ತಪ್ಪಿ ಬಳೆ ಒಡೆಯುತ್ತಿತ್ತು.

ಒಂದು ಸಂತೆಯಲ್ಲಿ ಒಬ್ಬ ಮುದುಕಿ ಕೈ ಚಾಚಿದಳು. ಅವನ ಬೆರಳು ನೋಡಿದಳು. ಚಾಚಿದ ಕೈ ಎಳೆದುಕೊಂಡಳು.

"ಏನಯ್ಯಾ ಇದು? ನನಗೆ ಬಳೆ ತೊಡಿಸುತ್ತೀಯೋ, ನಿನ್ನ ಕಜ್ಜಿ ತೊಡಿಸುತ್ತೀಯೋ?"

ಸುತ್ತ ನಿಂತ ಹೆಂಗಸರು ನಕ್ಕರು. ಅಂದಿನಿಂದ ಅವನು ತುಂಬು ತೋಳಿನ ಅಂಗಿ ಹಾಕಿದ. ಟಾರ್ಪಾಲಿನ ಕೆಳಗೆ ಬಿಸಿಲು ಬಾರದ ಮೂಲೆಯಲ್ಲಿ ಕುಳಿತ. ಬಳೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಯಾರ ಕೈಯನ್ನೂ ಹಿಡಿಯಲಿಲ್ಲ.

ಮನೆಯಲ್ಲಿ ಹೆಂಡತಿಯ ಕೈಯನ್ನೂ ಹಿಡಿಯಲಿಲ್ಲ. ಪಾತ್ರೆ ತಿಕ್ಕುವಾಗ, ಬಟ್ಟೆ ಒಗೆಯುವಾಗ ಅವಳ ಬಳೆಗಳು ಒಡೆದವು. ಕೈಗೆ ಎರಡು ಉಳಿದವು. ಆಮೇಲೆ ಒಂದೊಂದು.

ನೆರೆಯವಳು ಕೇಳಿದಳು: "ಬಳೆಗಾರನ ಹೆಂಡತಿ ನೀನು. ಮನೆ ತುಂಬ ಬಳೆ. ಗಂಡ ಇದ್ದೂ ಬರಿಗೈಯೇನೇ?"

"ಅವರು ತೊಡಿಸಿದರೆ ತೊಡುತ್ತೇನೆ. ನಾನಾಗಿ ತೊಡುವುದಿಲ್ಲ" ಎಂದಳು ಹೆಂಡತಿ.

ಒಳಗಿದ್ದ ಬಳೆಗಾರನ ಕಿವಿಗೆ ಇದು ಬಿತ್ತು. ಮರುದಿನ ಆಸ್ಪತ್ರೆಗೆ ಹೋದ.

ಅಲ್ಲಿ ಒಬ್ಬ ವೈದ್ಯೆ ಅವನ ಎರಡೂ ಕೈಗಳನ್ನು ಹಿಡಿದು ನೋಡಿದರು. ಬಳೆಗಾರ ಹಿಂದೆ ಸರಿದ. "ಬೇಡ ತಾಯಿ, ಅಂಟೀತು" ಎಂದ.

"ಇದು ಅಂಟುವ ರೋಗವಲ್ಲ ಯಜಮಾನರೇ. ಬೇರು ಸಮೇತ ಹೋಗುವ ರೋಗವೂ ಅಲ್ಲ. ಹತೋಟಿಯಲ್ಲಿ ಇಟ್ಟುಕೊಳ್ಳಬಹುದು."

ರಕ್ತ ಪರೀಕ್ಷೆಯಾಯಿತು. ವಿಟಮಿನ್ ಡಿ ತೀರ ಕಡಿಮೆ ಇತ್ತು. ವೈದ್ಯೆ ದಿನವೂ ಹಚ್ಚಲು ಮುಲಾಮು ಕೊಟ್ಟರು. ಸೋಪು ಬಿಟ್ಟು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದರು. ಬೆಳಿಗ್ಗೆ ಸ್ವಲ್ಪ ಹೊತ್ತು ತೋಳಿಗೆ ಎಳೆಬಿಸಿಲು ತಾಗಲಿ ಎಂದರು. ಕೊನೆಗೆ ವಿಟಮಿನ್ ಮಾತ್ರೆ ಕೊಟ್ಟರು.

"ವಾರಕ್ಕೆ ಒಂದು. ಎಂಟು ವಾರಕ್ಕೆ ಎಂಟು. ಇದೊಂದೇ ರೋಗವನ್ನು ವಾಸಿ ಮಾಡುವುದಿಲ್ಲ. ನಿಮ್ಮ ಮೈಯಲ್ಲಿ ಕೊರತೆ ಇದೆ, ಅದನ್ನು ತುಂಬುತ್ತದೆ. ಮುಲಾಮಿನ ಜೊತೆಗೆ ಇದೂ ಕೈ ಜೋಡಿಸಬಹುದು. ಅಷ್ಟೇ."

ಬಳೆಗಾರ ಮನೆಗೆ ಬಂದು ಮಾತ್ರೆ ನೋಡಿದ. ಒಂದು ಎಂದರೆ ಬರೀ ಒಂದೇ? ಕೊಸರು ಬೇಡವೇ? ಮೊದಲ ವಾರ ಎರಡು ನುಂಗಿದ. ತುರಿಕೆ ಸ್ವಲ್ಪ ತಗ್ಗಿತು. ಅದು ಮುಲಾಮಿನ ಗುಣ. ಅವನು ಕೊಸರಿನ ಗುಣವೆಂದು ತಿಳಿದ. ದಿನಕ್ಕೊಂದು ನುಂಗತೊಡಗಿದ. ಮಾತ್ರೆ ಮುಗಿಯಿತು. ಮಾತ್ರೆಯ ಖಾಲಿ ಪಟ್ಟಿ ತೋರಿಸಿ ಔಷಧದ ಅಂಗಡಿಯಲ್ಲಿ ಮತ್ತೆ ತಂದ. ಹೆಂಡತಿಗೆ ಹೇಳಲಿಲ್ಲ.

ಎರಡು ತಿಂಗಳಾಯಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಅನ್ನ ಕಂಡರೆ ವಾಕರಿಕೆ. ಹೊಟ್ಟೆ ಕಟ್ಟಿತು. ಕಾಲು ಸೋತವು. ಹೆಂಡತಿ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಎಂಟು ದಿನ ಮಲಗಿದ.

"ಎಷ್ಟು ನುಂಗಿದಿರಿ?" ಎಂದು ವೈದ್ಯೆ ಕೇಳಿದರು.

"ದಿನಕ್ಕೊಂದು ತಾಯಿ."

"ನಾನು ಹೇಳಿದ್ದು ವಾರಕ್ಕೊಂದು. ಮಿಕ್ಕಿದ್ದು ಯಾಕೆ?"

"ಕೊಸರು."

ವೈದ್ಯೆಗೆ ನಗು ಬಂತು. ಸಿಟ್ಟೂ ಬಂತು. "ಒಂದು ಮುಂಗೈಗೆ ಡಜನ್ ಹಾಕುತ್ತೀರಿ. ಇನ್ನೊಂದೂ ಹಿಡಿಸುತ್ತದೆ. ನೂರು ಹಾಕಿದರೆ?"

"ಆ ಕೈ ಕೆಲಸಕ್ಕೆ ಬಾರದು."

"ನಿಮ್ಮ ಮೂತ್ರಪಿಂಡಕ್ಕೆ ನೀವು ಮಾಡಲು ಹೊರಟದ್ದು ಅದನ್ನೇ. ಕೊಸರು ಬಳೆಗೆ ಯಜಮಾನರೇ. ಮಾತ್ರೆಗಲ್ಲ."

ಮಾತ್ರೆ ನಿಂತಿತು. ಬಳೆಗಾರ ಮನೆಗೆ ಬಂದು ಮುಲಾಮನ್ನೂ ಮೂಲೆಗೆ ಎಸೆದ. "ಹೋಗದ ರೋಗ. ಮದ್ದೇ ಬೇಡ" ಎಂದ.

ಹೆಂಡತಿ ಮುಲಾಮು ಎತ್ತಿಕೊಂಡು ಬಂದಳು. "ಹೆಚ್ಚು ನುಂಗಿದವರು ನೀವು. ಬೈಗುಳ ಮದ್ದಿಗೇ? ಕೈ ಚಾಚಿ" ಎಂದಳು. ತಾನೇ ಹಚ್ಚಿದಳು.

ಕೆಲವು ತಿಂಗಳು ಕಳೆದವು. ವೈದ್ಯೆ ಮತ್ತೆ ಮತ್ತೆ ರಕ್ತ ನೋಡಿದರು. ಎಲ್ಲ ಹದಕ್ಕೆ ಬಂದ ಮೇಲೆ, ಮತ್ತೆ ಕೊರತೆ ಕಂಡಾಗ ಮಾತ್ರೆ ಪುನಃ ಬರೆದರು. "ಸಂತೆಯ ದಿನ ಒಂದು. ನಿಮ್ಮೂರ ಸಂತೆ ವಾರಕ್ಕೆ ಎರಡು ಸಲ ಸೇರುತ್ತದೆಯೇ?"

"ಇಲ್ಲ ತಾಯಿ."

"ಮಾತ್ರೆಯೂ ಇಲ್ಲ."

ಈ ಸಲ ಮಾತ್ರೆ ಹೆಂಡತಿಯ ಹತ್ತಿರ ಉಳಿಯಿತು. ಸಂತೆಯ ಬೆಳಿಗ್ಗೆ ಅವನು ಅಂಗೈ ಚಾಚುತ್ತಿದ್ದ. ಅವಳು ಒಂದು ಇಡುತ್ತಿದ್ದಳು.

"ಕೊಸರು?" ಎನ್ನುತ್ತಿದ್ದ.

"ಬರುವ ಸಂತೆಗೆ" ಎನ್ನುತ್ತಿದ್ದಳು.

ದಿನವೂ ಹೊಸಿಲಲ್ಲಿ ಕುಳಿತು ತೋಳಿಗೆ ಎಳೆಬಿಸಿಲು ತಾಗಿಸಿದ. ಮುಲಾಮು ತಪ್ಪಿಸಲಿಲ್ಲ. ಎಣ್ಣೆ ತಪ್ಪಿಸಲಿಲ್ಲ. ಹೊಟ್ಟು ಉದುರುವುದು ಕಡಿಮೆಯಾಯಿತು. ಬಿರುಕುಗಳು ಕೂಡಿದವು.

ಒಂದು ಸಂಜೆ ಹೆಂಡತಿ ಅವನ ಎದುರು ಬಂದು ಕುಳಿತಳು. ಕೈ ಚಾಚಿದಳು. "ತೊಡಿಸಿ" ಎಂದಳು.

ಅವನ ಬೆರಳು ಇನ್ನೂ ಸರಿಯಾಗಿ ಬಾಗುತ್ತಿರಲಿಲ್ಲ. ಮೊದಲ ಬಳೆ ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದರ ಚೂರು ಅವಳ ಮುಂಗೈ ಗೀರಿತು. ರಕ್ತ ಬಂತು. ಅವನು ಕೈ ಬಿಟ್ಟ.

ಅವಳು ಸೆರಗಿನಲ್ಲಿ ಒರೆಸಿಕೊಂಡು ಕೈಯನ್ನು ಮತ್ತೆ ಚಾಚಿದಳು. "ಒಡೆದದ್ದು ಬಳೆ. ಕೈ ಇದೆಯಲ್ಲ."

ಆ ಸಂಜೆ ಒಂದು ಬಳೆ ಏರಿತು. ಮರುದಿನ ಯಾವುದೂ ಏರಲಿಲ್ಲ. ಅದರ ಮರುದಿನ ಎರಡು. ಹೀಗೆ ಬಹಳ ದಿನ ನಡೆಯಿತು. ಒಂದು ಸಂಜೆ ಎರಡೂ ಕೈ ತುಂಬಿದವು. ಅವನು ಕೊಸರು ಹಾಕಿದ. ಕೊಸರು ಹಾಕಿದ ಮೇಲೂ ಅವಳ ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಮುಂದಿನ ಸಂತೆಗೆ ಅವಳು ಗಂಡನಿಗೆ ಬುತ್ತಿ ತಂದಳು. ಹಿಂದೆ ಕೈ ಎಳೆದುಕೊಂಡಿದ್ದ ಮುದುಕಿ ದಾರಿಯಲ್ಲಿ ಸಿಕ್ಕಳು. ಬಳೆಯ ಸದ್ದಿಗೆ ತಿರುಗಿದಳು.

"ಯಾರೇ ತೊಡಿಸಿದ್ದು? ಗೀರಿಲ್ಲ, ಸಡಿಲವಿಲ್ಲ."

"ನನ್ನ ಗಂಡ."

ಮುದುಕಿ ನೇರ ಟಾರ್ಪಾಲಿನ ಕೆಳಗೆ ಬಂದಳು. "ನಾಡಿದ್ದು ನಮ್ಮ ಮೊಮ್ಮಗಳಿಗೆ ಬಳೆ ಶಾಸ್ತ್ರ. ಹಸಿರು ಬಳೆ ತಗೊಂಡು ಬಾ" ಎಂದಳು.

ಬಳೆಗಾರ ಹೋದ. ಮದುವೆ ಮನೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಅವನು ಚಾಪೆಯ ಮೇಲೆ ಕುಳಿತ. ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿದ. ಮೊಣಕೈಯಲ್ಲಿ ಒಂದು ಕೆಂಪು ಮಚ್ಚೆ ಇತ್ತು.

"ತಾಯಂದಿರೇ, ಇದು ಪೂರ್ತಿ ಹೋಗಿಲ್ಲ. ಪೂರ್ತಿ ಹೋಗುವುದೂ ಇಲ್ಲವಂತೆ. ಅಂಟುವುದಿಲ್ಲ. ನೋಡಿ ಕೈ ಕೊಡಿ" ಎಂದ.

ಯಾರೂ ಅಲುಗಲಿಲ್ಲ. ಶಾಸ್ತ್ರದಲ್ಲಿ ಮೊದಲ ಕೈ ಮದುಮಗಳದು. ಮದುಮಗಳು ಮುಂದೆ ಬಂದಳು. ಮುದುಕಿ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಚಾಪೆಯ ಮೇಲೆ ಕುಳಿತಳು.

"ಮೊದಲು ಎಳೆದುಕೊಂಡವಳು ನಾನು. ಮೊದಲು ಕೊಡುವವಳೂ ನಾನೇ. ಹಿಡಿಯಪ್ಪ."

"ಅಜ್ಜಿ, ಮದುವೆ ನಿನಗೋ ನನಗೋ?" ಎಂದಳು ಮದುಮಗಳು.

ಮನೆಗೆ ಮನೆಯೇ ನಕ್ಕಿತು. ಈ ಸಲ ಬಳೆಗಾರನೂ ನಕ್ಕ. ಅಜ್ಜಿಯ ಸರದಿ ಮುಗಿದ ಮೇಲೆ ಮೊಮ್ಮಗಳು ಕುಳಿತಳು. ಆಮೇಲೆ ನೂಕುನುಗ್ಗಲು. ಸೋಬಾನೆ ಹಾಡುತ್ತಾ ನಲವತ್ತು ಹೆಂಗಸರು ಕೈ ಕೊಟ್ಟರು. ಒಂದು ಬಳೆಯೂ ಒಡೆಯಲಿಲ್ಲ. ಎಲ್ಲರಿಗೂ ಅವನು ಕೊಸರು ಹಾಕಿದ.

ಗುರು ಕತೆ ನಿಲ್ಲಿಸಿದರು.

"ಆ ಮೊಣಕೈಯ ಮಚ್ಚೆ?" ಎಂದ ಶಿಷ್ಯ. "ಅದು ಕೊನೆಗಾದರೂ ಹೋಯಿತೇ?"

"ಇದೆ. ಚಳಿಗಾಲಕ್ಕೆ ಸ್ವಲ್ಪ ದೊಡ್ಡದಾಗುತ್ತದೆ."

"ಹಾಗಾದರೆ ಅವನು ಗೆದ್ದದ್ದು ಏನನ್ನು?"

ಗುರು ಹೊಸೆದ ಬತ್ತಿಯನ್ನು ಹಣತೆಯಲ್ಲಿ ಇಟ್ಟು ಕೇಳಿದರು: "ಇವತ್ತು ಬೈದೆಯಲ್ಲ, ಅದಕ್ಕೆ ಮೊದಲು ನೀನು ಯಾರಿಗಾದರೂ ಬೈದದ್ದು ಯಾವಾಗ?"

ಶಿಷ್ಯ ತಿಂಗಳು ಎಣಿಸಲು ಬೆರಳು ಮಡಿಸಿದ. ಬೆರಳು ಮುಗಿದವು. ನೆನಪಾಗಲಿಲ್ಲ. ಕಣ್ಣು ಮುಚ್ಚಿ ಕುಳಿತ.