ಉಸಿರುಕೊಳವೆಗೆ ಬಿರಡೆ

“ಹತ್ತಿರ ಬಾರೇ ಬಿರಡೆ, ನಾನು ಹೇಳಿದೆ ಅಂತ ಎಲ್ಲೂ ಬಾಯಿಬಿಡಬೇಡ,” ಅಂತ ದನಿ ತಗ್ಗಿಸಿದಳು ಕಡ್ಡಿಯಮ್ಮ. ಬಿಚ್ಚಿ ಹೊಸದಾಗಿ ಜೋಡಿಸಿದ್ದ ಹಳೇ ಕಾರಿನ ಎಂಜಿನ್ನಿನ ಎಣ್ಣೆ ಅಳೆಯೋ ಕಡ್ಡಿ ಅವಳು. “ಪಕ್ಕದ ಉಸಿರುಕೊಳವೆ ಇದ್ದಾಳಲ್ಲ, ಹಾಡುಹಗಲೇ ಬಾಯಿಂದ ಎಣ್ಣೆಹೊಗೆ ಬಿಡ್ತಾಳೆ! ಮರ್ಯಾದಸ್ಥರ ಮನೇಲಿ ಇದೆಲ್ಲ ಉಂಟಾ? ಹೋಗಿ ಅವಳ ಬಾಯಿ ಮುಚ್ಚು.”

ರಬ್ಬರ್ ಬಿರಡೆ ಹೋಗಿ, ಎಂಜಿನ್ನು ಉಸಿರು ಬಿಡೋ ಆ ಕೊಳವೆಯ ಬಾಯಲ್ಲಿ ಗಟ್ಟಿಯಾಗಿ ಕೂತಳು. ಎಂಜಿನ್ ಓಡಿತು. ದಾರಿ ಕಾಣದ ಹೊಗೆ ಎಂಜಿನ್ನಿನ ಕತ್ತಲ ಹೊಟ್ಟೆಯೊಳಗೆ ಊದಿಕೊಂಡಿತು, ಸಂದುಸಂದಿನಲ್ಲೂ ನರಳಾಟ ಎದ್ದಿತು, ತಳದ ಎಣ್ಣೆಗೆ ಇಳಿಬಿಟ್ಟಿದ್ದ ಕಡ್ಡಿಯಮ್ಮನ ಕಾಲನ್ನು ಏನೋ ಕೆಳಗಿನಿಂದ ಮೇಲಕ್ಕೆ ನೂಕಿತು. “ಯಾರೇ ಅದು?” ಅಂದಳು. ಬಿರಡೆ ಕಿತ್ತುಕೊಂಡು ಹಾರಿದಳು, ಕಡ್ಡಿಯಮ್ಮನೂ ಮೈತುಂಬ ಬಿಸಿ ಎಣ್ಣೆ ಸುರಿಸಿಕೊಂಡು ನೆಲಕ್ಕೆ ಬಿದ್ದಳು.

ಆಗ ಕೊಳವೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: “ಆ ಹೊಗೆ ನನ್ನದಲ್ಲ ಕಣೇ. ಅದು ಹುಟ್ಟಿದ್ದು ನಿನ್ನ ಕಾಲ ಕೆಳಗೆ.”